ಪೊಟ್ಟಣದ ಮೇಲಿನ ಬರಹ

ವಿಜಯಪುರ ನಗರದ ಪೇಟೆಯಲ್ಲಾಗಲಿ, ತಿಕೋಟಾ, ಬಬಲೇಶ್ವರಗಳ ಕಿರಾಣಿ ಅಂಗಡಿಗಳಲ್ಲಾಗಲಿ ಪೊಟ್ಟಣದ ತಿನಿಸುಗಳಿಗೆ ಇಂದು ಕೊರತೆಯಿಲ್ಲ. ಬಣ್ಣವನ್ನೂ ಬೆಲೆಯನ್ನೂ ನೋಡಿ ಕೊಳ್ಳುವವರೇ ಹೆಚ್ಚು. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವವರು ವಿರಳ. ಆದರೆ ಕೆಲವರ ಪಾಲಿಗೆ ಆ ಅಕ್ಷರಗಳೇ ಪ್ರಾಣರಕ್ಷಕವಾಗಿವೆ.

ಒಬ್ಬರಿಗೆ ಹಿತವಾದ ಆಹಾರವನ್ನು ಇನ್ನೊಬ್ಬರ ದೇಹವು ವೈರಿಯೆಂದು ಬಗೆದು ಪ್ರತಿಭಟಿಸುವುದುಂಟು. ಇದಕ್ಕೆ ಅಲರ್ಜಿ ಎನ್ನುತ್ತಾರೆ. ಕುರಿ, ಆಡು, ದನ, ಹಂದಿ ಮೊದಲಾದ ಸಸ್ತನಿಗಳ ಮಾಂಸದಲ್ಲಿ ಆಲ್ಫಾ-ಗ್ಯಾಲ್ ಎಂಬ ಒಂದು ಬಗೆಯ ಸಕ್ಕರೆಯ ಅಂಶವಿದೆ. ಮಾನವನ ದೇಹದಲ್ಲಿ ಅದಿಲ್ಲ. ಕೆಲವು ಬಗೆಯ ಉಣ್ಣಿಗಳು ಕಚ್ಚಿದ ಬಳಿಕ ಕೆಲವರ ದೇಹವು ಈ ಅಂಶವನ್ನು ಸಹಿಸದಂತಾಗುತ್ತದೆ. ಅಮೆರಿಕದ ವರ್ಜೀನಿಯ ವಿಶ್ವವಿದ್ಯಾಲಯದ ಥಾಮಸ್ ಪ್ಲಾಟ್ಸ್-ಮಿಲ್ಸ್ ಮತ್ತು ಅವರ ಸಂಗಡಿಗರು 2009ರಲ್ಲಿ ಈ ಬೇನೆಯನ್ನು ವಿವರಿಸಿದರು. ಇದರ ಲಕ್ಷಣಗಳು ಉಂಡ ಕೂಡಲೇ ತೋರದೆ, ಸಾಮಾನ್ಯವಾಗಿ 2ರಿಂದ 6 ಗಂಟೆಗಳ ಬಳಿಕ ತಲೆದೋರುತ್ತವೆ. ಮೈಮೇಲೆ ದದ್ದು, ಹೊಟ್ಟೆನೋವು, ವಾಂತಿ ಕಾಣಿಸಿಕೊಳ್ಳಬಹುದು. ಕೆಲವೊಮ್ಮೆ ಉಸಿರಾಟಕ್ಕೇ ಅಡ್ಡಿಯಾಗಬಹುದು. ರಾತ್ರಿಯ ಊಟದ ಫಲವು ನಡುರಾತ್ರಿಯಲ್ಲಿ ತೋರುವುದರಿಂದ ಅನೇಕರಿಗೆ ಅದರ ಕಾರಣವೇ ಹೊಳೆಯದು.

ನಮ್ಮ ದೇಶದಲ್ಲಿ ಹಸಿರು ಚೌಕದೊಳಗಿನ ಹಸಿರು ವೃತ್ತವು ಸಸ್ಯಾಹಾರವನ್ನೂ, ಕಂದು ಚೌಕದೊಳಗಿನ ಕಂದು ತ್ರಿಕೋನವು ಮಾಂಸಾಹಾರವನ್ನೂ ಸೂಚಿಸುತ್ತವೆ. ಈ ಚಿಹ್ನೆಗಳು ಉಪಯುಕ್ತವೇ ಸರಿ. ಆದರೆ ಇವಿಷ್ಟೇ ಸಾಲವು. ಕಂದು ಚಿಹ್ನೆಯ ತಿನಿಸಿನಲ್ಲಿ ಈ ರೋಗಿಗೆ ಬಾಧಕವಲ್ಲದ ಮೀನೋ ಕೋಳಿಯೋ ಇರಬಹುದು. ಹಸಿರು ಚಿಹ್ನೆಯ ತಿನಿಸಿನಲ್ಲಿ ಹಾಲು, ಬೆಣ್ಣೆ, ತುಪ್ಪ ಇರಬಹುದು. ಈ ಅಲರ್ಜಿಯುಳ್ಳ ಕೆಲವರಿಗೆ ಅವೂ ಒಗ್ಗುವುದಿಲ್ಲ.

2020ರ ಲೇಬಲ್ ನಿಯಮಗಳ ಪ್ರಕಾರ ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಮೊದಲಾದ ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ತಿಳಿಸಬೇಕು. ತಿಕೋಟಾ ಭಾಗದ ಒಣದ್ರಾಕ್ಷಿಯು ಹೆಸರಾದುದು. ಹೊಂಬಣ್ಣ ಬರಲೆಂದು ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವುದುಂಟು. ಇದರಿಂದ ಉಳಿದ ಸಲ್ಫೈಟ್ ಅಂಶವು ಕಿಲೋಗ್ರಾಮಿಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನೂ ತಿಳಿಸಬೇಕು. ಆದರೆ ಸಸ್ತನಿಗಳ ಮಾಂಸವು ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ಅಲರ್ಜಿಯ ಸೂಚನೆಯಲ್ಲಿ ಅದರ ಹೆಸರಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಹಾಗಾದರೆ ಮಾಡಬೇಕಾದುದೇನು? ತಿನಿಸಿನಲ್ಲಿ ಸೇರಿದ ಪದಾರ್ಥಗಳ ಪಟ್ಟಿಯನ್ನು ಮೊದಲಿನಿಂದ ಕಡೆಯವರೆಗೆ ಓದಬೇಕು. ತೂಕದಲ್ಲಿ ಹೆಚ್ಚಿನದು ಮೊದಲು, ಕಡಮೆಯದು ಕೊನೆಗೆ ಬರುತ್ತದೆ. ಅಲರ್ಜಿಗೆ ಕೊನೆಯದೂ ಸಾಕು. ಜಿಲೆಟಿನ್ ಎಂಬ ಹೆಸರನ್ನು ವಿಶೇಷವಾಗಿ ಗಮನಿಸಬೇಕು. ದನ, ಹಂದಿಗಳ ಚರ್ಮ ಮತ್ತು ಎಲುಬುಗಳಿಂದ ತಯಾರಾಗುವ ಇದು ಕೆಲವು ಮೆತ್ತನೆಯ ಮಿಠಾಯಿಗಳಲ್ಲಿಯೂ ಔಷಧದ ಕ್ಯಾಪ್ಸೂಲ್‌ಗಳಲ್ಲಿಯೂ ಇರುತ್ತದೆ. ತಯಾರಕರು ಪದಾರ್ಥಗಳನ್ನು ಬದಲಿಸಬಹುದಾದುದರಿಂದ ಪ್ರತಿ ಸಲವೂ ಓದಬೇಕು. ಸಂದೇಹವಿದ್ದರೆ ತಿನ್ನದಿರುವುದೇ ಲೇಸು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ 108ಕ್ಕೆ ಕರೆಮಾಡಿ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕು.

ಪೊಟ್ಟಣದ ವಿವರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಮನೆಯ ಅಜ್ಜ ಅಜ್ಜಿಯರಿಗೆ ಅದು ತಿಳಿಯದಿರಬಹುದು. ಶಾಲೆಯಲ್ಲಿ ಓದುವ ನೀವು ಅವರಿಗೆ ಓದಿ ಹೇಳಬಲ್ಲಿರಿ. ಕಲಿತ ಅಕ್ಷರವು ಒಂದು ಜೀವವನ್ನು ಕಾಯುವುದಾದರೆ, ವಿದ್ಯೆಗೆ ಅದಕ್ಕಿಂತ ಮಿಗಿಲಾದ ಸಾರ್ಥಕ್ಯ ಬೇರೆ ಯಾವುದಿದೆ?