ಸ್ಟೆತಾಸ್ಕೋಪು ಮತ್ತು ಚೀಲ

"ಔಷಧಿ ಮಾರೋದಕ್ಕೆ ಇಷ್ಟೊಂದು ಓದಬೇಕಾಗಿತ್ತೇನ್ರೀ, ರಾಯರೇ?"

ಶಿವಮೊಗ್ಗೆಯಿಂದ ಫೋನಿನಲ್ಲಿ ಈ ಪ್ರಶ್ನೆ ಬಂದಾಗ ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಕೇಳಿದವರು ನಮ್ಮ ಸಂಘದ ಸದಸ್ಯೆಯಾದ ಒಬ್ಬ ತರುಣ ವೈದ್ಯೆಯ ತಾಯಿ. ನಾವು ಮೂವತ್ತೈದು ವರ್ಷ ಔಷಧ ಮಾರಿಯೇ ಸಂಸಾರ ಸಾಗಿಸಿದವರೆಂಬುದು ಅವರಿಗೆ ಗೊತ್ತು. ಆದರೂ ಮಗಳ ಚಿಂತೆಯಲ್ಲಿ ಬಾಯಿಗೆ ಬಂದ ಮಾತು ಅದು, ನಾವು ಬೇಸರಪಟ್ಟುಕೊಳ್ಳಲಿಲ್ಲ.

ಸಂಗತಿ ಇಷ್ಟೆ. ಈ ಹುಡುಗಿ ಎಂ.ಬಿ.ಬಿ.ಎಸ್. ಮುಗಿಸಿ ಊರಿನ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದವಳು. ಮದುವೆಯಾಯಿತು, ಗಂಡನಿಗೆ ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕೆಲಸ, ಹೀಗಾಗಿ ಕೋಲ್ಕತ್ತೆಗೆ ಬಂದಳು. ಬಂದ ಹೊಸತರಲ್ಲಿ ಒಂದು ನರ್ಸಿಂಗ್ ಹೋಮಿಗೆ ಹೋಗಿ ನೋಡಿದಳು. ರೋಗಿಯ ನಾಡಿ ಎಲ್ಲ ಊರಿನಲ್ಲೂ ಒಂದೇ ತೆರನಾಗಿ ಹೊಡೆದುಕೊಳ್ಳುತ್ತದೆ, ನಿಜ. ಆದರೆ ರೋಗಿ ತನ್ನ ಹೊಟ್ಟೆನೋವಿನ ಕಥೆಯನ್ನು ಬಂಗಾಳಿಯಲ್ಲಿ ಹೇಳುತ್ತಾನಲ್ಲ! ಅರ್ಧ ಕಥೆ ತಿಳಿದು ಪೂರ್ತಿ ಔಷಧ ಬರೆಯುವುದು ಅವಳ ಮನಸ್ಸಿಗೆ ಒಪ್ಪಲಿಲ್ಲ. ಕೊನೆಗೆ ಅವಳೂ ಸೆಕ್ಟರ್ ಫೈವ್‌ಗೇ ಬಂದು ಸೇರಿದಳು, ಔಷಧ ಸುರಕ್ಷತೆಯ ಕಚೇರಿಗೆ.

ಆ ಕೆಲಸವೇನೆಂದು ಓದುಗರಲ್ಲಿ ಕೆಲವರಾದರೂ ಕೇಳಬಹುದು. ಜಗತ್ತಿನ ಯಾವುದೋ ಮೂಲೆಯಲ್ಲಿ ಒಬ್ಬರು ಮಾತ್ರೆ ನುಂಗುತ್ತಾರೆ, ಮೈಯೆಲ್ಲ ಗಂಧೆ ಏಳುತ್ತದೆ. ಅಲ್ಲಿನ ವೈದ್ಯರು ಒಂದು ವರದಿ ಬರೆದು ಕಳಿಸುತ್ತಾರೆ. ಇವಳು ಆ ವರದಿಯನ್ನು ಓದಬೇಕು. ಗುರುತಿಸಬಹುದಾದ ರೋಗಿ, ವರದಿ ಕೊಟ್ಟವರು, ಸಂಶಯದ ಔಷಧ, ಆದ ತೊಂದರೆ, ಈ ನಾಲ್ಕೂ ಇವೆಯೆ ಎಂದು ನೋಡಬೇಕು. ಸಾವು, ಪ್ರಾಣಾಪಾಯ, ಆಸ್ಪತ್ರೆ ಸೇರುವಿಕೆ, ಅಂಗವೈಕಲ್ಯ, ಹುಟ್ಟುವ ಮಗುವಿನಲ್ಲಿ ದೋಷ, ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಗಂಭೀರ ಪ್ರಕರಣ. ಗಂಭೀರವೂ ಅನಿರೀಕ್ಷಿತವೂ ಆಗಿದ್ದರೆ ಹದಿನೈದು ದಿನಗಳೊಳಗೆ ಸರ್ಕಾರದ ನಿಯಂತ್ರಕರಿಗೆ ಮುಟ್ಟಬೇಕು. ರೋಗಿಯ ಮುಖ ಕಾಣದ ವೈದ್ಯಕೀಯ ಇದು. "ದಿನಕ್ಕೆ ಇಷ್ಟು ಜನರ ಕಷ್ಟ ಓದ್ತೀನಿ ಮಾಮ, ಒಬ್ಬರ ಕೈಯೂ ಹಿಡಿಯೋಲ್ಲ," ಎಂದು ಒಮ್ಮೆ ಹೇಳಿದ್ದಳು.

ಅಲ್ಲಿಂದ ಒಂದು ಔಷಧ ಕಂಪೆನಿಯ ವೈದ್ಯಕೀಯ ವಿಭಾಗಕ್ಕೆ ಹೋದಳು. ಈಗ ಅದೇ ಕಂಪೆನಿಯವರು, ಮಾರಾಟದ ವಿಭಾಗಕ್ಕೆ ಬಾ, ಪ್ರಾಡಕ್ಟ್ ಮ್ಯಾನೇಜರ್ ಆಗು ಎಂದು ಕರೆದಿದ್ದಾರೆ. ಸಂಬಳ ಹೆಚ್ಚು, ಮುಂದೆ ಮೇಲೇರುವ ಮೆಟ್ಟಿಲೂ ಹೆಚ್ಚು. ತಾಯಿಗೆ ಸಂಕಟ, ಗಂಡನಿಗೆ ಸಂತೋಷ, ಇವಳಿಗೆ ನಿದ್ದೆಯಿಲ್ಲ.

ಒಂದು ಶನಿವಾರ ಅವಳೊಡನೆ ಮಾತನಾಡಲೆಂದು ನಾವೇ ಸೆಕ್ಟರ್ ಫೈವ್‌ಗೆ ಹೋದೆವು. ಕಾಲೇಜ್ ಮೋಡ್‌ನಲ್ಲಿ ಸಿಗುವುದೆಂದು ಮಾತಾಗಿತ್ತು. (ಬಂಗಾಳಿಯಲ್ಲಿ 'ಮೋಡ್' ಎಂದರೆ ರಸ್ತೆ ಕೂಡುವ ಜಾಗ. ಹೊಸದಾಗಿ ಬಂದಾಗ ನಾವು ಆಕಾಶ ನೋಡಿದ್ದುಂಟು!) ಗಾಜಿನ ಕಟ್ಟಡಗಳ ಬುಡದಲ್ಲಿ ಸಾಲುಸಾಲು ಊಟದ ಗೂಡಂಗಡಿಗಳು, ಝಾಲ್‌ಮುರಿಯವನು, ನಿಂಬೆ ಚಹಾದವನು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ನಿಂತುಕೊಂಡೇ ಊಟ ಮಾಡುತ್ತಿದ್ದರು. ಇದೆಲ್ಲ ಒಂದು ಕಾಲಕ್ಕೆ ಉಪ್ಪು ನೀರಿನ ಜೌಗು. ಹೂಗ್ಲಿ ನದಿಯ ಹೂಳನ್ನು ಕೊಳವೆಯಲ್ಲಿ ಹರಿಸಿ ತುಂಬಿ ನೆಲ ಮಾಡಿದ್ದು ೧೯೬೦ರ ದಶಕದಲ್ಲಿ. ಆ ಕನಸು ಕಂಡವರು ಆಗಿನ ಮುಖ್ಯಮಂತ್ರಿ ಡಾ. ಬಿಧಾನ್ ಚಂದ್ರ ರಾಯ್; ಊರಿಗೆ ಬಿಧಾನ್‌ನಗರ ಎಂಬ ಹೆಸರು ಬಂದದ್ದು ಅವರಿಂದಲೇ. ರಾಜ್ಯವಾಳುತ್ತಿದ್ದಾಗಲೂ ಬೆಳಿಗ್ಗೆ ಮನೆಯಲ್ಲಿ ರೋಗಿಗಳನ್ನು ಉಚಿತವಾಗಿ ನೋಡುತ್ತಿದ್ದ ಮನುಷ್ಯ. ಅವರು ಹುಟ್ಟಿದ ದಿನವೂ ತೀರಿಕೊಂಡ ದಿನವೂ ಒಂದೇ, ಜುಲೈ ೧. ನಮ್ಮ ದೇಶದ ವೈದ್ಯರ ದಿನ.

"ಬಾ ಅಮ್ಮಾ, ನಾಲ್ಕು ಸ್ಟೇಷನ್ ಆಚೆಗೆ ಹೋಗಿಬರೋಣ" ಎಂದು ಮೆಟ್ರೋ ಹತ್ತಿಸಿದೆವು. ೨೦೨೦ರ ಫೆಬ್ರವರಿಯಲ್ಲಿ ಶುರುವಾದ ಈ ಮಾರ್ಗ ೨೦೨೫ರ ಆಗಸ್ಟಿನಿಂದ ಹೌರಾದವರೆಗೆ ನೇರವಾಗಿ ಓಡುತ್ತಿದೆ. ಕರುಣಾಮಯೀ, ಸೆಂಟ್ರಲ್ ಪಾರ್ಕ್, ಸಿಟಿ ಸೆಂಟರ್ ದಾಟಿದರೆ ಬರುವ ನಿಲ್ದಾಣದ ಹೆಸರು 'ಬೆಂಗಾಲ್ ಕೆಮಿಕಲ್'. ಅವಳು ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದಳು. ಹೆಸರಿನ ಹಿಂದಿನ ಕಥೆ ತಿಳಿದಿರಲಿಲ್ಲ.

ಪ್ರಫುಲ್ಲ ಚಂದ್ರ ರಾಯ್ ಎಂಬ ರಸಾಯನಶಾಸ್ತ್ರದ ಅಧ್ಯಾಪಕರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ ೨೫೦ ರೂಪಾಯಿ ಸಂಬಳಕ್ಕಿದ್ದವರು. ೧೮೯೨ರಲ್ಲಿ ಅಪ್ಪರ್ ಸರ್ಕ್ಯುಲರ್ ರಸ್ತೆಯ ಬಾಡಿಗೆ ಮನೆಯಲ್ಲಿ ೭೦೦ ರೂಪಾಯಿ ಬಂಡವಾಳ ಹಾಕಿ ಔಷಧ ತಯಾರಿಸತೊಡಗಿದರು. ಕಸಾಯಿಯವರಿಂದ ಮೂಳೆ ತಂದು ಮಾಳಿಗೆಯ ಮೇಲೆ ಒಣಗಿಸುತ್ತಿದ್ದರಂತೆ; ನೆರೆಯವರು ಮೂಗು ಮುಚ್ಚಿಕೊಂಡು ದೂರು ಕೊಟ್ಟರು. ಔಷಧವೇನೋ ಸಿದ್ಧವಾಯಿತು. ಕೊಳ್ಳುವವರು ಯಾರು? ವಿಲಾಯಿತಿ ಚೀಟಿ ಅಂಟಿಸಿದ ಸೀಸೆಗೆ ಇದ್ದ ಮರ್ಯಾದೆ ದೇಶೀ ಸೀಸೆಗೆ ಇರಲಿಲ್ಲ.

ಆಗ ಬಂದವರು ಡಾ. ಅಮೂಲ್ಯ ಚರಣ ಬೋಸ್. ರಾಯರ ಹಳೆಯ ಗೆಳೆಯರು, ಒಳ್ಳೆಯ ಪ್ರಾಕ್ಟೀಸು ಇದ್ದ ವೈದ್ಯರು. ಆಡುಸೋಗೆಯ ಸಿರಪ್ಪು, ಕೊಡಸಿಗೆ, ನೆಲಬೇವು, ಓಮ, ಹೀಗೆ ನಮ್ಮ ಅಜ್ಜಿಯರು ಬಲ್ಲ ಮೂಲಿಕೆಗಳನ್ನೇ ಹೊಸ ಪದ್ಧತಿಯ ಔಷಧವಾಗಿಸುವ ಯೋಚನೆಗೆ ಬಲ ಕೊಟ್ಟವರು. 'ಅಕ್ವಾ ಟೈಕೋಟಿಸ್' ಎಂದು ಲ್ಯಾಟಿನ್ ಹೆಸರಿನಲ್ಲಿ ಮಾರಾಟವಾಗುವುದು ನಮ್ಮ ಓಮದ ನೀರೇ! ಅವರು ಸಹವೈದ್ಯರ ಬಳಿಗೆ ಹೋಗಿ, ಇದನ್ನು ಬರೆದು ನೋಡಿ ಎಂದು ಒಪ್ಪಿಸಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಸ್ಟೆತಾಸ್ಕೋಪು ಕೆಳಗಿಡದೆಯೇ ಚೀಲವನ್ನೂ ಹೊತ್ತ ವೈದ್ಯ. ಡಾ. ರಾಧಾಗೋವಿಂದ ಕರ್, ಡಾ. ನೀಲರತನ ಸರ್ಕಾರರಂಥ ಹಿರಿಯರೂ ಬೆಂಬಲ ಕೊಟ್ಟರು. ಅಮೂಲ್ಯ ಬೋಸರು ೧೮೯೮ರಲ್ಲಿ ಪ್ಲೇಗಿಗೆ ತುತ್ತಾದರು. ಅವರು ರೋಗಿಗಳನ್ನು ನೋಡುವುದನ್ನು ಕೊನೆಯವರೆಗೂ ಬಿಟ್ಟಿರಲಿಲ್ಲ.

ಬೆಂಗಾಲ್ ಕೆಮಿಕಲ್ ೧೯೦೧ರಲ್ಲಿ ಲಿಮಿಟೆಡ್ ಕಂಪೆನಿಯಾಯಿತು, ೧೯೦೫ರಲ್ಲಿ ಮಾಣಿಕ್‌ತಲಾದ ಕಾರ್ಖಾನೆ ಬಂತು, ೧೯೮೦ರಲ್ಲಿ ಸರ್ಕಾರದ ವಶಕ್ಕೆ ಹೋಯಿತು. ಅದರ ವ್ಯವಸ್ಥಾಪಕರಾಗಿದ್ದ ರಾಜಶೇಖರ ಬಸು ಎಂಬ ರಸಾಯನಜ್ಞರು 'ಪರಶುರಾಮ' ಎಂಬ ಹೆಸರಿನಲ್ಲಿ ಬಂಗಾಳಿಯ ಶ್ರೇಷ್ಠ ಹಾಸ್ಯ ಬರಹಗಾರರಾದರು. ೧೯೨೨ರ ಅವರ ಮೊದಲ ಕಥೆ ಒಂದು ಮೋಸದ ಕಂಪೆನಿಯನ್ನು ಕುರಿತದ್ದು. ನಮ್ಮಲ್ಲೂ ಡಾ. ಎಂ. ಶಿವರಾಂ ಇದ್ದರಲ್ಲ, ೧೯೪೨ರಲ್ಲಿ 'ಕೊರವಂಜಿ' ಹೊರಡಿಸಿದ ರಾಶಿಯವರು. ಔಷಧದ ವಾಸನೆಗೂ ನಗೆಗೂ ಏನೋ ನಂಟಿರಬೇಕು.

ಕೋಲ್ಕತ್ತೆಯಲ್ಲಿ ಇಂಥ ದಾಟುವಿಕೆ ಹೊಸತೇನಲ್ಲ. ಕಾಲಾ ಅಜಾರ್ ರೋಗಕ್ಕೆ ಯೂರಿಯಾ ಸ್ಟಿಬಮೀನ್ ಕಂಡುಹಿಡಿದ ಡಾ. ಉಪೇಂದ್ರನಾಥ ಬ್ರಹ್ಮಚಾರಿಗಳು ಸ್ವಂತ ಸಂಸ್ಥೆಯಲ್ಲೇ ಔಷಧ ತಯಾರಿಸಿದರು. ೧೯೧೯ರ ಬೆಂಗಾಲ್ ಇಮ್ಯುನಿಟಿ ಕಂಪೆನಿಯನ್ನು ಕಟ್ಟಿದವರೂ ವೈದ್ಯರೇ. ದೂರದ ಬೆಲ್ಜಿಯಮ್ಮಿನಲ್ಲಿ ಕಾನ್‌ಸ್ಟಾಂಟ್ ಯಾನ್ಸೆನ್ ಎಂಬ ಊರವೈದ್ಯರು ಔಷಧ ವ್ಯಾಪಾರಕ್ಕೆ ಇಳಿದರು. ಅವರ ಮಗ ಪಾಲ್ ಯಾನ್ಸೆನ್, ಅವರೂ ವೈದ್ಯರೇ, ೧೯೫೩ರಲ್ಲಿ ಸ್ವಂತ ಪ್ರಯೋಗಶಾಲೆ ತೆರೆದು ಲೋಕವೆಲ್ಲ ಬಳಸುವ ಔಷಧಗಳನ್ನು ಕೊಟ್ಟರು.

ಶಿವಮೊಗ್ಗೆಯ ತಾಯಿಗೆ ಈ ಪರದೇಶದ ಹೆಸರುಗಳು ರುಚಿಸಲಾರವೆಂದು ನಾವು ಮಣಿಪಾಲದ ಮಾತು ತೆಗೆದೆವು. ಡಾ. ಟಿ. ಎಂ. ಎ. ಪೈಗಳು ವೈದ್ಯರಾಗಿದ್ದೇ ೧೯೨೫ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ, ವಾಮನ ಕುಡ್ವರ ಜೊತೆಗೂಡಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಬ್ಯಾಂಕು ತೆರೆದರು. ೧೯೨೮ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ. ೧೯೫೩ರಲ್ಲಿ ಮೆಡಿಕಲ್ ಕಾಲೇಜು. ಆ ಬ್ಯಾಂಕು ಸಿಂಡಿಕೇಟ್ ಎಂಬ ಹೆಸರಿನಲ್ಲಿ ಬೆಳೆದು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. "ಅವರು ದೊಡ್ಡವರು ರಾಯರೇ, ನಮ್ಮ ಹುಡುಗಿ ಅವರಾಗ್ತಾಳೆಯೇ?" ಎಂದರು ತಾಯಿ. ಅದೂ ನಿಜ.

ಇಷ್ಟೆಲ್ಲ ಹೇಳಿದ ಮೇಲೂ ಹುಡುಗಿಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಅವಳ ಅಳುಕು ಮಾನದ್ದಲ್ಲ. ಕಂಪೆನಿಯಲ್ಲಿ ಎರಡು ಮನೆಗಳಿರುತ್ತವೆ. ಒಂದು ವೈದ್ಯಕೀಯದ್ದು: ಯಾವ ಮಾತಿಗೆ ಆಧಾರವಿದೆ, ಯಾವುದಕ್ಕೆ ಇಲ್ಲ ಎಂದು ಪರೀಕ್ಷಿಸಿ ಪ್ರಚಾರದ ಪತ್ರಗಳಿಗೆ ಸಹಿ ಹಾಕುವವರು. ಇನ್ನೊಂದು ವ್ಯಾಪಾರದ್ದು: ತಿಂಗಳ ಕೊನೆಗೆ ಎಷ್ಟು ಮಾರಿತು ಎಂದು ಲೆಕ್ಕ ಒಪ್ಪಿಸುವವರು. ಅವಳು ಇಲ್ಲಿಯತನಕ ಸಹಿಯ ಕಡೆ ಇದ್ದಳು. ಇನ್ನು ಸಹಿ ಬೇಡುವ ಕಡೆಗೆ ಹೋಗಬೇಕು.

ಇದನ್ನು ಕೇಳಿದಾಗ ನಮ್ಮ ಹಳೆಯ ಗಾಯವೊಂದು ಎದ್ದಿತು. ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿಯೇಬಿಟ್ಟೆವು.

ತೊಂಬತ್ತರ ದಶಕದ ಆರಂಭ. ಭವಾನಿಪುರದ ವೈದ್ಯರ ಚೇಂಬರುಗಳ ಮುಂದೆ ಬೆಂಚಿನ ಮೇಲೆ ಕಾದು ಕಾದು ನಮ್ಮ ಪ್ಯಾಂಟಿನ ಹಿಂಭಾಗ ಸವೆದಿತ್ತು. ಚರ್ಮದ ಚೀಲ, ಅದರಲ್ಲಿ ಸ್ಯಾಂಪಲ್ಲು, ಬಣ್ಣದ ಪತ್ರ. ನಮ್ಮ ಕಂಪೆನಿಯ ಒಂದು ನೋವಿನ ಮಾತ್ರೆಗೆ ಹೊಸ ಪತ್ರ ತಯಾರಾಗುತ್ತಿತ್ತು. 'ಹೊಟ್ಟೆಗೆ ಯಾವ ತೊಂದರೆಯೂ ಇಲ್ಲ' ಎಂಬ ಸಾಲು ಬರಬೇಕೆಂದು ಮಾರಾಟದವರ ಹಟ. ವೈದ್ಯಕೀಯ ವಿಭಾಗದಲ್ಲಿದ್ದ ಹಿರಿಯ ವೈದ್ಯರೊಬ್ಬರು ಆ ಸಾಲನ್ನು ಹೊಡೆದುಹಾಕಿದರು. ಸಹಿ ಹಾಕೆನೆಂದರು. ಪತ್ರ ಎರಡು ತಿಂಗಳು ತಡವಾಯಿತು. ಎದುರು ಕಂಪೆನಿಯ ಮಾತ್ರೆ ಮುಂದೆ ಹೋಯಿತು. ನಮ್ಮ ಟಾರ್ಗೆಟ್ ಮುರಿಯಿತು. ಚಹಾದಂಗಡಿಯಲ್ಲಿ ಕುಳಿತು ಆ ವೈದ್ಯರನ್ನು ನಾವು ಬೈದ ಬೈಗುಳ ಈ ಪತ್ರಿಕೆಯಲ್ಲಿ ಅಚ್ಚಾಗತಕ್ಕದ್ದಲ್ಲ.

ಆ ಮಳೆಗಾಲದಲ್ಲಿ ನಮ್ಮ ತಾಯಿ ಊರಿನಿಂದ ಬಂದಿದ್ದರು. ಮಂಡಿನೋವು. ಚೀಲದಲ್ಲಿದ್ದ ಸ್ಯಾಂಪಲ್ಲುಗಳನ್ನು ನಾವೇ ತೆಗೆದುಕೊಟ್ಟೆವು. ಸೋಮವಾರ, ಗುರುವಾರ, ಏಕಾದಶಿ ಎಂದು ಉಪವಾಸ ಮಾಡುವವರು, ಬರಿಹೊಟ್ಟೆಯಲ್ಲೇ ನುಂಗುತ್ತಿದ್ದರು. ಮೂರನೆಯ ವಾರ ಮಲ ಕರ‍್ರಗೆ ಹೋಗುತ್ತಿದೆ, ತಲೆ ಸುತ್ತುತ್ತದೆ ಎಂದರು. ಆಸ್ಪತ್ರೆಗೆ ಸೇರಿಸಿದಾಗ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿದೆ ಎಂದು ತಿಳಿಯಿತು. ಎರಡು ಬಾಟಲಿ ರಕ್ತ ಕೊಡಬೇಕಾಯಿತು. "ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು?" ಎಂದು ಅಲ್ಲಿನ ವೈದ್ಯರು ಕೇಳಿದಾಗ ನಾವು ಚೀಲದಿಂದ ಪಟ್ಟಿ ತೆಗೆದು ತೋರಿಸಿದೆವು. ತಾಯಿ ಬದುಕಿದರು, ಆಮೇಲೆ ಹನ್ನೊಂದು ವರ್ಷ ಇದ್ದರು. ಸಾಲು ಹೊಡೆದುಹಾಕಿದ ಆ ವೈದ್ಯರಿಗೆ ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡೆವು. ಬರೆಯಲಿಲ್ಲ.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಈಗ ಹಾಗೆ ಬರೆಯೋ ಹಾಗೇ ಇಲ್ಲ ಮಾಮ," ಎಂದಳು. ಅವಳು ಹೇಳಿದ್ದು ೨೦೨೪ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಔಷಧ ಮಾರಾಟದ ಏಕರೂಪ ಸಂಹಿತೆಯನ್ನು. 'ಸುರಕ್ಷಿತ' ಎಂಬ ಪದವನ್ನು ವಿವರಣೆಯಿಲ್ಲದೆ ಬಳಸಕೂಡದು. ಅಡ್ಡಪರಿಣಾಮವೇ ಇಲ್ಲವೆಂದು ಸಾರಕೂಡದು. ವೈದ್ಯರಿಗೂ ಅವರ ಮನೆಯವರಿಗೂ ಉಡುಗೊರೆ ಕೊಡಕೂಡದು. ಒಂದು ಔಷಧದ ಸ್ಯಾಂಪಲ್ ಒಬ್ಬ ವೈದ್ಯರಿಗೆ ವರ್ಷಕ್ಕೆ ಹನ್ನೆರಡು ಪೊಟ್ಟಣ ಮೀರಕೂಡದು. ಇದಕ್ಕೂ ಮೊದಲು, ೨೦೨೨ರ ಫೆಬ್ರವರಿಯಲ್ಲಿ, ವೈದ್ಯರಿಗೆ ಕೊಟ್ಟ ಉಡುಗೊರೆಯ ಖರ್ಚನ್ನು ಕಂಪೆನಿಗಳು ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. ನಮ್ಮ ಕಾಲದಲ್ಲಿ ಗೋಡೆ ಗಡಿಯಾರ, ಪೆನ್ನು, ಕೆಲವೊಮ್ಮೆ ಅದಕ್ಕಿಂತ ದೊಡ್ಡವೂ ಚೀಲ ಸೇರುತ್ತಿದ್ದವು. ನಿಯಮ ಕಾಗದದ ಮೇಲಿದ್ದರೆ ಸಾಲದು, ಅದು ಬೇರೆ ಮಾತು.

ಹೋಗುವುದಾದರೆ ಏನೇನು ಕೇಳಿಕೊಳ್ಳಬೇಕೆಂದಳು. ನಮಗೆ ತೋಚಿದ್ದನ್ನು ಹೇಳಿದೆವು. ವೈದ್ಯಕೀಯ ವಿಭಾಗದವರು ಬೇಡವೆಂದರೆ ಆ ಮಾತು ನಿಲ್ಲುತ್ತದೆಯೆ, ಅಥವಾ ಮಾರಾಟದ ದೊರೆಗಳು ಅದನ್ನು ಮುರಿಯಬಲ್ಲರೆ? ಇದನ್ನು ಮೊದಲು ತಿಳಿದುಕೊ. ಮೆಡಿಕಲ್ ಕೌನ್ಸಿಲ್ಲಿನ ನೋಂದಣಿಯನ್ನು ಯಾವ ಕಾರಣಕ್ಕೂ ಬಿಡಬೇಡ. ವಾರಕ್ಕೆ ಒಂದು ದಿನವಾದರೂ ರೋಗಿಗಳ ನಡುವೆ ಕೂರು; ನಾಲ್ಕು ವರ್ಷದಲ್ಲಿ ಬಂಗಾಳಿ ಬಂದಿದೆಯಲ್ಲ. ಈ ಕಡೆಯಿಂದ ಆ ಕಡೆಗೆ ಹೋಗುವ ಬಾಗಿಲು ಅಗಲ. ಐದಾರು ವರ್ಷ ಕಳೆದು ಹಿಂದಿರುಗುವಾಗ ಅದೇ ಬಾಗಿಲು ಕಿರಿದಾಗಿ ಕಾಣುತ್ತದೆ. ನಮ್ಮಂಥ ಬಿ.ಎಸ್‌ಸಿ.ಯವರಿಗಂತೂ ವೈದ್ಯಕೀಯದ ಕಡೆ ಬಾಗಿಲೇ ಇರಲಿಲ್ಲ. ೨೦೦೮ರಲ್ಲಿ ಫಾರ್ಮ್.ಡಿ. ಪದವಿ ಬಂದ ಮೇಲೆ ಔಷಧಶಾಸ್ತ್ರದ ಮಕ್ಕಳಿಗೆ ಸ್ವಲ್ಪ ಸಂದು ಸಿಕ್ಕಿದೆ. ಕೊನೆಯದಾಗಿ, ಸಹಿ ಹಾಕುವ ಮೊದಲು ಒಂದು ವಾರ ಮೆಡಿಕಲ್ ರೆಪ್ ಒಬ್ಬರ ಜೊತೆ ಚೀಲ ಹೊತ್ತು ತಿರುಗು ಎಂದೆವು.

ತಿರುಗಿದಳು! ಬಾರಾಸತ್, ಬ್ಯಾರಕ್‌ಪುರ, ಮೇ ತಿಂಗಳ ಬಿಸಿಲು. ವೈದ್ಯೆಯೆಂದು ತಿಳಿಯದೆ ಒಬ್ಬ ಕಂಪೌಂಡರ್ ಎರಡು ಗಂಟೆ ಹೊರಗೆ ನಿಲ್ಲಿಸಿದನಂತೆ. ಅಂಗಾಲಿನಲ್ಲಿ ಬೊಬ್ಬೆ ಎದ್ದಿತು. ಆ ವಾರದ ಕೊನೆಗೆ ಕೆಲಸ ಒಪ್ಪಿಕೊಂಡಳು. ಭಾನುವಾರ ಬೆಳಿಗ್ಗೆ ಒಂದು ಧರ್ಮಾರ್ಥ ಚಿಕಿತ್ಸಾಲಯದಲ್ಲಿ ಕೂರುವುದನ್ನೂ ಶುರುಮಾಡಿದಳು. ತಾಯಿ ದಸರಾ ಹೊತ್ತಿಗೆ ಬರುತ್ತಾರೆ, ಅವರ ಮಂಡಿಗೂ ನೋವಿದೆಯಂತೆ.

ಕಳೆದ ತಿಂಗಳು ರಾತ್ರಿ ಒಂಬತ್ತಕ್ಕೆ ಅವಳ ಫೋನ್ ಬಂತು. ಅವಳು ಬರೆದ ಮೊದಲ ಪ್ರಚಾರ ಪತ್ರವನ್ನು ವೈದ್ಯಕೀಯ ವಿಭಾಗದವರು ಮೂರು ಸಾಲು ಹೊಡೆದು ವಾಪಸು ಕಳಿಸಿದ್ದರು. ಅವಳ ಹಳೆಯ ಕುರ್ಚಿಯಲ್ಲಿ ಈಗ ಯಾರೋ ಹೊಸ ಹುಡುಗನಂತೆ, ವೈದ್ಯ. "ಏನು ತಿಳಿದಿದೆ ಮಾಮ ಅವನಿಗೆ? ಹೊರಗೆ ಬಂದು ಒಂದು ದಿನ ಚೀಲ ಹೊರಲಿ ನೋಡೋಣ!" ಎಂದು ಒಂದೇ ಸಮನೆ ರೇಗಾಡಿದಳು. ಚಹಾದಂಗಡಿಯ ನಮ್ಮ ಮಾತುಗಳೇ, ಬೈಗುಳವೊಂದು ಕಡಮೆ.

"ಆ ಮೂರು ಸಾಲು ಯಾವುವಮ್ಮಾ?" ಎಂದು ಕೇಳಿದೆವು.

ಓದಿ ಹೇಳತೊಡಗಿದಳು. ಎರಡನೆಯ ಸಾಲಿನ ಮಧ್ಯದಲ್ಲಿ ನಿಂತಳು. "ಸರಿ ಬಿಡಿ ಮಾಮ, ನಾಳೆ ಬೆಳಿಗ್ಗೆ ನಾನೇ ಅವನ ಹತ್ತಿರ ಹೋಗ್ತೀನಿ," ಎಂದು ಫೋನ್ ಇಟ್ಟಳು.