ಸಸಿ ಗಟ್ಟಿಗೊಳ್ಳುವ ಏಳು ದಿನ: ತರಕಾರಿ ನರ್ಸರಿ ಉದ್ದಿಮೆಯ ಒಂದು ಲೆಕ್ಕ

ತರಕಾರಿ ಸಸಿ ಬೆಳೆಸಿ ಮಾರುವುದು ನಮ್ಮ ರಾಜ್ಯದಲ್ಲಿ ಈಗ ಪ್ರತ್ಯೇಕ ಉದ್ದಿಮೆಯಾಗಿಯೇ ನೆಲೆಗೊಂಡಿದೆ. ಹಿಂದೆ ರೈತನು ಹೊಲದ ಮೂಲೆಯಲ್ಲಿ ಒಟ್ಲು ಹಾಕಿ, ಕಿತ್ತು ನೆಡುತ್ತಿದ್ದನು. ಸಂಕರಣ ಬೀಜಗಳ ಬೆಲೆ ಏರಿದಂತೆ ಒಂದು ಬೀಜವೂ ವ್ಯರ್ಥವಾಗಬಾರದೆಂಬ ಎಚ್ಚರ ಹುಟ್ಟಿತು. ಕೋಲಾರ, ಚಿಕ್ಕಬಳ್ಳಾಪುರದಂತಹ ಜಿಲ್ಲೆಗಳ ಟೊಮೆಟೊ ಬೆಳೆಗಾರರು ಬೀಜ ಕೊಟ್ಟು ಸಸಿ ಪಡೆಯುವ, ಇಲ್ಲವೇ ಮುಂಗಡ ಕೊಟ್ಟು ಸಸಿಯನ್ನೇ ಕೊಳ್ಳುವ ರೂಢಿ ಬೆಳೆಯಿತು. ಈ ವ್ಯವಹಾರದ ಬೆನ್ನಿಗೇ ಪ್ಲಾಸ್ಟಿಕ್ ಟ್ರೇ, ತೆಂಗಿನ ನಾರಿನ ಪುಡಿ ಅಂದರೆ ಕೋಕೋಪೀಟ್, ನೆರಳು ಪರದೆ ಇವುಗಳ ಸಣ್ಣ ತಯಾರಕರಿಗೂ ಮಾರುಕಟ್ಟೆ ದೊರೆಯಿತು.

ಬೆಳೆಸುವ ಕ್ರಮ ಸರಳವಾಗಿಯೇ ಇದೆ. 98 ಗುಳಿಗಳ ಟ್ರೇಗೆ ಸುಮಾರು 1.2 ಕಿಲೋಗ್ರಾಂ ತೇವದ ಕೋಕೋಪೀಟ್ ತುಂಬಿ, ಗುಳಿಗೊಂದರಂತೆ ಬೀಜವಿಟ್ಟು, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥೀನ್ ಹಾಳೆ ಹೊದಿಸಲಾಗುತ್ತದೆ. ಟೊಮೆಟೊ ಮೂರು ನಾಲ್ಕು ದಿನಗಳಲ್ಲಿ ಮೊಳೆಯುತ್ತದೆ. ಮೆಣಸಿನಕಾಯಿಗೆ ವಾರ ಬೇಕು. ಮೊಳಕೆ ಕಂಡ ದಿನವೇ ಹೊದಿಕೆ ತೆಗೆದು ಟ್ರೇಗಳನ್ನು ನೆರಳು ಮನೆಯಲ್ಲಿ ಹರಡತಕ್ಕದ್ದು. ಒಂದು ದಿನ ತಡವಾದರೂ ಸಸಿಗಳು ಬೆಳಕನ್ನರಸಿ ನೂಲಿನಂತೆ ಉದ್ದವಾಗುತ್ತವೆ. ಮುಂದೆ ಎಷ್ಟು ಉಪಚರಿಸಿದರೂ ಅವು ಸರಿಹೋಗುವುದಿಲ್ಲ. ಕೋಕೋಪೀಟ್ ಕೊಳ್ಳುವಾಗ ಅಗ್ಗದ ಮಾಲಿಗೆ ಮರುಳಾಗದಿರುವುದು ಲೇಸು. ಸರಿಯಾಗಿ ತೊಳೆಯದ ಪುಡಿಯಲ್ಲಿ ಉಳಿದ ಲವಣವು ಎಳೆಬೇರಿನ ತುದಿಯನ್ನೇ ಸುಡುತ್ತದೆ.

ಇಲ್ಲಿಯವರೆಗಿನ ಕೆಲಸವನ್ನು ಬಹುತೇಕ ನರ್ಸರಿಗಳು ಚೆನ್ನಾಗಿಯೇ ಮಾಡುತ್ತವೆ. ಎಡವುವುದು ಕೊನೆಯ ವಾರದಲ್ಲಿ. ಅರ್ಧ ಬಿಸಿಲಿನಲ್ಲಿ, ಗಾಳಿಯ ಹೊಡೆತವಿಲ್ಲದೆ, ದಿನವೂ ನೀರುಂಡು ಬೆಳೆದ ಸಸಿಯ ಎಲೆ ತೆಳುವಾಗಿರುತ್ತದೆ. ಅದರ ಮೇಲಿನ ಮೇಣದ ಪದರ ಬಲಿತಿರುವುದಿಲ್ಲ. ಅದನ್ನು ನೇರವಾಗಿ ಬಯಲಿಗೆ ನೆಟ್ಟರೆ ಬೇರು ಹೀರುವುದಕ್ಕಿಂತ ಹೆಚ್ಚು ನೀರನ್ನು ಎಲೆ ಕಳೆದುಕೊಂಡು ಸಸಿ ಬಾಡುತ್ತದೆ. ಆದ್ದರಿಂದ ಸಾಗಣೆಗೆ ಮುಂಚೆ ಐದರಿಂದ ಏಳು ದಿನ ನೆರಳನ್ನು ಹಂತಹಂತವಾಗಿ ಸರಿಸಬೇಕು. ಮೊದಲೆರಡು ದಿನ ಬೆಳಗಿನ ಬಿಸಿಲು ಮಾತ್ರ, ಬಳಿಕ ಇಡೀ ದಿನ. ಸಾರಜನಕದ ಗೊಬ್ಬರ ನಿಲ್ಲಿಸಬೇಕು. ನೀರನ್ನು ಕಡಿಮೆ ಮಾಡಬೇಕು, ಆದರೆ ನಿಲ್ಲಿಸಕೂಡದು: ಮಧ್ಯಾಹ್ನ ತುಸು ಜೋತ ಎಲೆ ಸಂಜೆಗೆ ತಾನಾಗಿ ಚೇತರಿಸಿಕೊಂಡರೆ ಹದ ಸರಿಯಾಗಿದೆಯೆಂದು ತಿಳಿಯಬಹುದು. ಅತಿಯಾದರೂ ಕೇಡೇ. ವಯಸ್ಸು ಮೀರಿ ಸೊರಗಿದ ಹೂಕೋಸಿನ ಸಸಿ ಹೊಲದಲ್ಲಿ ಗುಂಡಿಯಷ್ಟೇ ಗಾತ್ರದ ಹೂವನ್ನು ಬಿಟ್ಟು ನಿಂತುಬಿಡುತ್ತದೆ.

ಇದು ತಿಳಿಯದ ವಿಷಯವಲ್ಲ. ಹಾಗಿದ್ದೂ ಕೈಬಿಡುವುದೇಕೆ? ಗಟ್ಟಿಗೊಂಡ ಸಸಿ ನೋಟಕ್ಕೆ ಸೊಗಸಾಗಿರುವುದಿಲ್ಲ. ಗಿಡ್ಡ, ಕಾಂಡ ತುಸು ನೇರಳೆ, ಎಲೆಯ ಹಸಿರೂ ಮಂಕು. ಎತ್ತರವನ್ನೇ ಗುಣವೆಂದು ಬಗೆಯುವ ಗಿರಾಕಿ ಪಕ್ಕದ ನರ್ಸರಿಗೆ ಹೋಗುವನೆಂಬ ಭಯ ಮಾಲೀಕರಿಗೆ. ಎರಡನೆಯದು ಸ್ಥಳದ ಚಿಂತೆ. ಇನ್ನೊಂದು ವಾರ ಇಟ್ಟುಕೊಂಡರೆ ನೆರಳು ಮನೆ ತೆರವಾಗುವುದಿಲ್ಲವೆಂಬ ವಾದ.

ಈ ಎರಡನೆಯ ವಾದ ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಸಾವಿರ ಟ್ರೇ ಹಿಡಿಯುವ ನೆರಳು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಟೊಮೆಟೊ ಸಸಿಯನ್ನು 25 ದಿನವೂ ಒಳಗೇ ಇಟ್ಟರೆ ವರ್ಷಕ್ಕೆ 14 ಸರದಿ. 18ನೆಯ ದಿನ ಹೊರ ಅಂಗಳಕ್ಕೆ ಸಾಗಿಸಿ ಉಳಿದ ಏಳು ದಿನ ಅಲ್ಲಿ ಗಟ್ಟಿಗೊಳಿಸಿದರೆ ಅದೇ ಮನೆಯಲ್ಲಿ 20 ಸರದಿ. ಆರು ಸರದಿಯ ವ್ಯತ್ಯಾಸವೆಂದರೆ ಗುಳಿಗಳ ಲೆಕ್ಕದಲ್ಲಿ 5,88,000. ಮೊಳೆಯದ ಬೀಜ, ಮನೆ ಶುಚಿಗೊಳಿಸುವ ದಿನ, ಬೇಡಿಕೆಯಿಲ್ಲದ ತಿಂಗಳು ಇವನ್ನೆಲ್ಲ ಕಳೆದರೂ ಲಾಭ ಅಂಗಳದ ಕಡೆಗೇ ಇರುತ್ತದೆ. ಹೆಚ್ಚುವರಿ ಟ್ರೇಗಳು, ಹೊತ್ತು ಹಾಕುವ ಕೂಲಿ, ಮಳೆ ಬಂದರೆ ಮುಚ್ಚಲು ಹಾಳೆ ಇಷ್ಟೇ ಮೇಲುವೆಚ್ಚ. ಟೊಮೆಟೊಗೆ ಮಾತ್ರ ಒಂದು ಎಚ್ಚರಿಕೆ ಅಗತ್ಯ: ನೆರಳನ್ನು ತೆಗೆಯಬಹುದು, ಕೀಟ ತಡೆಯುವ 40 ಮೆಶ್ ಬಲೆಯನ್ನು ತೆಗೆಯಕೂಡದು. ಬಿಳಿನೊಣ ನುಗ್ಗಿದರೆ ಎಲೆ ಮುಟುರು ರೋಗದ ವೈರಾಣು ಸಸಿಯೊಡನೆಯೇ ರೈತನ ಹೊಲಕ್ಕೆ ಹೋಗುತ್ತದೆ.

ಮೊದಲನೆಯ ಭಯಕ್ಕೆ ಉತ್ತರ ಸುಲಭವಲ್ಲ. ಗಿರಾಕಿಗೆ ಎರಡೂ ಬಗೆಯ ಸಸಿಗಳನ್ನು ಪಕ್ಕಪಕ್ಕದಲ್ಲಿ ನೆಟ್ಟು ತೋರಿಸುವುದೇ ಉಪಾಯ. ನರ್ಸರಿಯ ಮುಂದೆ ಹತ್ತಡಿ ಮಡಿ ಸಾಕು.

ವಿವಾದದ ಹೊಣೆಯನ್ನೂ ಮರೆಯುವಂತಿಲ್ಲ. ಬೀಜ ಕೊಂಡ ರೈತನೂ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿದೆ. ಹಣ ಪಡೆದು ಸಸಿ ಮಾರುವವರೂ ಇದನ್ನು ಗಮನದಲ್ಲಿಡಬೇಕು. ನೆಟ್ಟ ಸಸಿ ಸತ್ತಾಗ ಬೀಜ ಕೆಟ್ಟದೆಂದು ನರ್ಸರಿ, ನೆಟ್ಟಿದ್ದು ತಪ್ಪೆಂದು ಬೀಜದಂಗಡಿ ಹೇಳುತ್ತ ಕೂತರೆ ಯಾರ ಬಳಿಯೂ ದಾಖಲೆಯಿರುವುದಿಲ್ಲ. ಆದಕಾರಣ ಪ್ರತಿ ಸಾಗಣೆ ಚೀಟಿಯಲ್ಲಿ ತಳಿ, ಬೀಜದ ಲಾಟ್ ಸಂಖ್ಯೆ, ಬಿತ್ತಿದ ದಿನ, ಹೊರಗಿಟ್ಟ ದಿನ, ಕೊಟ್ಟ ದಿನ ಇವಿಷ್ಟನ್ನು ಬರೆದು ರೈತನ ಸಹಿ ಪಡೆಯಬೇಕು. ಸಂಜೆಯ ಹೊತ್ತಿಗೆ ನೆಡಬೇಕೆಂಬ ಸೂಚನೆಯನ್ನೂ ಅದೇ ಚೀಟಿಯ ಹಿಂಬದಿಗೆ ಅಚ್ಚು ಹಾಕಿಸಬಹುದು.