ಕಸಿ ಕೂಡುವ ತನಕ ಕಾಯುವ ಮೊಳೆ

ಬೊನ್ಸಾಯ್ ಬಲ್ಲವರು ಮರವನ್ನು ಬುಡದಿಂದ ನೋಡಲು ಶುರುಮಾಡುತ್ತಾರೆ. ಕೊಂಬೆ, ಎಲೆಗಳ ಕಡೆ ಕಣ್ಣು ಹೋಗುವುದು ಆಮೇಲೆ. ಕಾಂಡ ಮಣ್ಣಿಗಿಳಿಯುವ ಜಾಗದಲ್ಲಿ ಬೇರುಗಳು ಸುತ್ತಲೂ ಹರಡಿ ನೆಲವನ್ನು ಬಿಗಿಯಾಗಿ ಹಿಡಿದಿರಬೇಕು. ಜಪಾನಿನಲ್ಲಿ ಇದನ್ನು ‘ನೆಬಾರಿ’ ಎನ್ನುತ್ತಾರೆ. ಗೇಣುದ್ದದ ಮರವೊಂದು ಹೆಮ್ಮರದಂತೆ ಕಾಣುವುದು ಈ ಬುಡದ ಬಲದಿಂದಲೇ. ಆದರೆ ಎಲ್ಲ ಮರಕ್ಕೂ ಎಲ್ಲ ಮಗ್ಗುಲಲ್ಲೂ ಬೇರು ಒಡೆದಿರುವುದಿಲ್ಲ. ಬೋಳಾದ ಕಡೆಗೆ ಅದೇ ಜಾತಿಯ ಎಳೆಯ ಸಸಿಯೊಂದನ್ನು ತಂದು ಕಸಿ ಮಾಡುತ್ತಾರೆ. ಸಸಿಯ ಬೇರು ಮೆಲ್ಲಗೆ ಮರದ ಬೇರಾಗುತ್ತದೆ. ಕಸಿ ಚೆನ್ನಾಗಿ ಕೂಡಿದರೆ, ಕೆಲವು ವರ್ಷ ಕಳೆದ ಮೇಲೆ ಎಲ್ಲಿ ಸೇರಿಸಿದ್ದೆಂದು ಹುಡುಕುವುದೇ ಕಷ್ಟ.

ಆ ಜಾಗದಲ್ಲಿ ಒಂದು ಕಾಲಕ್ಕೆ ಸಸಿ ಕದಲದಂತೆ ಹಿಡಿದಿಡಲು ಹೊಡೆದ ಒಂದು ಪುಟ್ಟ ಮೊಳೆ ನಿಂತಿತ್ತು. ಪ್ರದರ್ಶನದಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಮರ ಬೆಳೆಸಿದವರು ಮಾತ್ರ ಅದನ್ನು ಮರೆಯುವುದಿಲ್ಲ.

ಮರಗಳಿಗಾಗಿ ಕಟ್ಟಿದ ಊರು

ಈ ಕಲೆಯ ಹೆಸರು ಹೇಳಿದೊಡನೆ ನೆನಪಾಗುವ ಊರು ಟೋಕಿಯೊದ ಉತ್ತರಕ್ಕಿರುವ ಓಮಿಯಾ. 1923ರ ಸೆಪ್ಟೆಂಬರ್ 1ರಂದು ಕಾಂಟೊ ಪ್ರದೇಶವನ್ನು ನಡುಗಿಸಿದ ಭೂಕಂಪದ ನಂತರ ಟೋಕಿಯೊದ ಬೊನ್ಸಾಯ್ ಬೆಳೆಗಾರರಲ್ಲಿ ಕೆಲವರು ಒಳ್ಳೆಯ ಮಣ್ಣು, ನೀರು, ಗಾಳಿ ಹುಡುಕಿಕೊಂಡು ಹೊರಟರು. 1925ರಲ್ಲಿ ಅವರು ಇಲ್ಲಿ ಬೊನ್ಸಾಯ್ ಹಳ್ಳಿ ಕಟ್ಟಿದರು. ಇಲ್ಲಿ ನೆಲೆಸುವವರು ಕನಿಷ್ಠ 10 ಬೊನ್ಸಾಯ್ ಸಾಕಬೇಕು, ತೋಟದ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಮನೆಗೆ ಮಹಡಿ ಕೂಡದು, ಗೋಡೆಯ ಬದಲು ಜೀವಂತ ಬೇಲಿ ಇರಬೇಕು ಎಂದು ಕಟ್ಟಳೆ ಮಾಡಿಕೊಂಡರು. 2010ರಿಂದ ಬೊನ್ಸಾಯ್‌ಗೇ ಮೀಸಲಾದ ಸರ್ಕಾರಿ ವಸ್ತುಸಂಗ್ರಹಾಲಯವೂ ಅಲ್ಲಿದೆ.

ಇಂಥ ಕುಶಲಿಗರ ಕೈಯಲ್ಲಿ ಕಸಿಯು ಬೇರಿನ ಕೊರತೆ ತುಂಬುವ ಉಪಾಯವಷ್ಟೇ ಆಗಿ ಉಳಿಯಲಿಲ್ಲ. ‘ಗೊಯೊಮಾತ್ಸು’ ಎಂಬ ಐದೆಲೆ ಪೈನ್ ಮರವನ್ನು ಗಟ್ಟಿಮುಟ್ಟಾದ ಕಪ್ಪು ಪೈನ್‌ನ ಬೇರಿನ ಮೇಲೆ ಬೆಳೆಸುವುದು ಅಲ್ಲಿ ಸಾಮಾನ್ಯ. ಕಾಂಡ ಸುಂದರವಾಗಿದ್ದು ಎಲೆ ಒರಟಾಗಿರುವ ಜುನಿಪರ್ ಮರಕ್ಕೆ ‘ಇತೋಯಿಗಾವಾ’ ತಳಿಯ ನುಣುಪು ಹಸಿರನ್ನು ಕಸಿ ಮಾಡಿ ಕೂಡಿಸುತ್ತಾರೆ. ಇಂಥ ಕಸಿಗಳಲ್ಲಿ ನೆರವಾಗುವ ಒಂದು ವಿಧಾನ ‘ಯೋಬಿತ್ಸುಗಿ’. ಎರಡೂ ಗಿಡ ತಂತಮ್ಮ ಬೇರಿನ ಮೇಲೇ ನಿಂತು, ತಾಗಿದ ಕಡೆ ಒಂದಾಗುವ ಕಸಿ ಇದು. ನಮ್ಮ ಮಾವಿನ ತೋಟಗಳಿಗೆ ಇದು ಹೊಸದಲ್ಲ. ತಾಯಿಮರದ ಕೊಂಬೆಯ ಎತ್ತರಕ್ಕೆ ಅಟ್ಟ ಕಟ್ಟಿ, ಅದರ ಮೇಲೆ ಸಸಿಯ ಕುಂಡವಿಟ್ಟು, ಎರಡನ್ನೂ ಬಾಳೆನಾರಿನಿಂದ ಬಿಗಿಯುತ್ತಿದ್ದ ಹಳೆಯ ಪದ್ಧತಿಯೂ ಇದೇ.

ಕೂದಲೆಳೆಯಷ್ಟು ಸರಿದರೂ ಕೆಲಸ ಕೆಟ್ಟಿತು

ತೊಗಟೆ ಮತ್ತು ಕಟ್ಟಿಗೆಯ ನಡುವೆ ಕ್ಯಾಂಬಿಯಂ ಎಂಬ ತೆಳುವಾದ ಹಸಿ ಪದರವಿದೆ. ಮರ ದಪ್ಪವಾಗುವುದು ಇಲ್ಲಿಂದ. ಗಾಯ ಮಾಯಿಸುವುದೂ ಇದರ ಕೆಲಸವೇ. ಕಸಿಯಲ್ಲಿ ಎರಡೂ ಗಿಡಗಳ ಈ ಪದರಗಳು ಒಂದನ್ನೊಂದು ಮುಟ್ಟಬೇಕು, ಮುಟ್ಟಿದ ಮೇಲೆ ಅಲುಗಬಾರದು. ಗಾಯದಿಂದ ಉಕ್ಕುವ ಎಳೆಯ ಕೋಶಗಳು ಸೇತುವೆ ಕಟ್ಟುತ್ತಿರುವಾಗ ಗಾಳಿಗೋ ನೀರು ಹಾಕುವ ಕೈಗೋ ಸಸಿ ಕದಲಿದರೆ ಸೇತುವೆ ಹರಿಯುತ್ತದೆ.

ಎಷ್ಟೇ ಬಿಗಿಯಾಗಿ ಹಿಡಿದರೂ ದೂರದ ಸಂಬಂಧದ ಮರಗಳು ಕೂಡುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಅಶ್ವತ್ಥಕಟ್ಟೆಗಳಲ್ಲಿ ಅರಳಿ, ಬೇವುಗಳಿಗೆ ಮದುವೆ ಮಾಡುತ್ತೇವೆ. ಅವು ಒಂದನ್ನೊಂದು ತಬ್ಬಿಕೊಂಡು ಬೆಳೆಯುತ್ತವೆ, ಆದರೂ ರಸ ಹಂಚಿಕೊಳ್ಳುವುದಿಲ್ಲ. ಅದೇ ಆಲದ ಎರಡು ಬಿಳಲುಗಳು ಬಹುಕಾಲ ಒತ್ತಿಕೊಂಡಿದ್ದರೆ ತಾವಾಗಿಯೇ ಒಂದಾಗಿಬಿಡುತ್ತವೆ. ಆಲದ ಜಾತಿಯ ಬೊನ್ಸಾಯ್ ಕಸಿಗೆ ಬೇಗ ಒಲಿಯುವುದು ಇದಕ್ಕೇ.

ಮಾವಿನ ಕಸಿಯಲ್ಲಿ ಎರಡೂ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ದಪ್ಪ. ಅಲ್ಲಿ ನಾರು ಸುತ್ತಿದರೆ ಸಾಕು. ಬೊನ್ಸಾಯ್ ಬುಡ ಮುಷ್ಟಿ ಗಾತ್ರದ್ದು, ಸಸಿಯೋ ಕಡ್ಡಿಯಷ್ಟು ಸಣ್ಣದು. ಬುಡದ ಸುತ್ತ ಪಟ್ಟಿ ಬಿಗಿದರೆ ಉಬ್ಬಿದ ಕಡೆ ಒತ್ತುತ್ತದೆ, ತಗ್ಗಿನಲ್ಲಿ ಸಡಿಲವಾಗಿಯೇ ಉಳಿಯುತ್ತದೆ. ಹೀಗಾಗಿ ಮೊಳೆ ಬೇಕಾಗುತ್ತದೆ.

ಎಂಥ ಮೊಳೆ?

ಮೊದಲು ನೋಡಬೇಕಾದದ್ದು ಲೋಹ. ಸಾದಾ ಕಬ್ಬಿಣದ ಮೊಳೆ ಒದ್ದೆ ಮಣ್ಣಿನ ಪಕ್ಕದಲ್ಲಿ ತುಕ್ಕು ಹಿಡಿಯುತ್ತದೆ. ಮರದಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶವಿದ್ದರೆ, ಕಬ್ಬಿಣ ಅದರೊಂದಿಗೆ ಬೆರೆತು ನೀಲಿಗಪ್ಪು ಕಲೆ ಬಿಡುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ವಾಸಿ. ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಹಿತ್ತಾಳೆ ಬಣ್ಣದ ಮೊಳೆ ಅದಕ್ಕೆ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿರುವುದು ಬರೀ ಲೇಪ.

ಎರಡನೆಯದು ಆಕಾರ. ನೋಟಿಸ್ ಬೋರ್ಡಿಗೆ ಚುಚ್ಚುವ ಪುಶ್ ಪಿನ್ ಎಳೆಯ, ಮೆತ್ತನೆಯ ತೊಗಟೆಗೆ ಒಗ್ಗುತ್ತದೆ. ಅದರ ಅಗಲ ತಲೆ ಸಸಿಯನ್ನು ಒತ್ತಿ ಹಿಡಿಯುತ್ತದೆ. ಗಟ್ಟಿ ಮರದಲ್ಲಿ ಮಾತ್ರ ಅದು ಬಾಗುತ್ತದೆ. ತೀರಾ ಸಣ್ಣ ಸಸಿಯನ್ನು ಚುಚ್ಚಿದರೆ ಸೀಳುವ ಭಯವಿರುವುದರಿಂದ, ಸಸಿಯನ್ನು ದಾಟಿ ಎರಡು ಬದಿಯಲ್ಲಿ ಕೂರುವ ಯು ಆಕಾರದ ಪಿನ್ನು ಒಳ್ಳೆಯದು. ಎಲೆಕ್ಟ್ರಿಷಿಯನ್ನರು ಗೋಡೆಗೆ ವೈರ್ ಹಿಡಿಸುವ ಪ್ಲಾಸ್ಟಿಕ್ ಕೇಬಲ್ ಕ್ಲಿಪ್ ಕೂಡ ಇದೇ ತತ್ವದ್ದು. ಸಸಿಯ ದಪ್ಪಕ್ಕೆ ತಕ್ಕ ಅಳತೆಯದನ್ನು ಆರಿಸಿಕೊಂಡು, ಅದರ ಕಬ್ಬಿಣದ ಮೊಳೆ ತೆಗೆದು ಸ್ಟೀಲಿನದನ್ನು ಹಾಕಿಕೊಳ್ಳಬಹುದು. ಬೆರಳು ದಪ್ಪದ ಸಸಿಗೆ ಸಣ್ಣ ಸ್ಕ್ರೂ ಎಲ್ಲಕ್ಕಿಂತ ಮೇಲು. ಸುತ್ತಿಗೆಯ ಏಟು ಜೋಡಿಸಿದ ಪದರಗಳನ್ನು ಸರಿಸಿಬಿಡಬಹುದು. ಸ್ಕ್ರೂ ಹಾಗಲ್ಲ, ಮೆಲ್ಲಗೆ ಒಳಹೋಗುತ್ತದೆ, ಮೆಲ್ಲಗೆ ಹೊರಬರುತ್ತದೆ.

ಯಾವುದನ್ನೇ ಬಳಸಲಿ, ಅದಕ್ಕಿಂತ ಸಣ್ಣ ಡ್ರಿಲ್ ಬಿಟ್‌ನಿಂದ ಮೊದಲೇ ತೂತು ಮಾಡಿಕೊಳ್ಳಬೇಕು. ಮೊಳೆಯ ತಲೆಗೂ ಸಸಿಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ಚೂರು ಇಟ್ಟರೆ ತೊಗಟೆ ಜಜ್ಜುವುದಿಲ್ಲ. ಆಲದ ಜಾತಿಯಾದರೆ ಹಾಲು ಒರೆಸಿಕೊಂಡು ಜೋಡಿಸಬೇಕು. ಕೊನೆಗೆ ಸಂದಿಗೆಲ್ಲ ಗಾಯ ಮುಚ್ಚುವ ಪೇಸ್ಟ್ ಮೆತ್ತಿದರೆ ನೀರು ನುಗ್ಗುವುದಿಲ್ಲ, ಗಾಯ ಒಣಗುವುದೂ ಇಲ್ಲ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೊನ್ಸಾಯ್ ಉದ್ಯಾನದಲ್ಲಿ ಕುಬ್ಜ ಮರಗಳನ್ನು ಕಂಡು ಆಸೆಪಟ್ಟವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಹೇಳಬೇಕಾದ ಮಾತೊಂದಿದೆ: ಈ ಕೆಲಸಕ್ಕೆ ಜಪಾನಿನಿಂದ ಏನನ್ನೂ ತರಿಸಬೇಕಿಲ್ಲ. ಬೇಕಾದದ್ದು ನಿಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ, ಮಕ್ಕಳ ಪುಸ್ತಕ ಕೊಳ್ಳುವ ಸ್ಟೇಷನರಿಯಲ್ಲಿ ಸಿಗುತ್ತದೆ.

ಮೊಳೆ ಕೀಳುವ ದಿನ

ಕಸಿ ಕೂಡಲು ಒಂದೋ ಎರಡೋ ಬೆಳವಣಿಗೆಯ ಋತು ಬೇಕು. ಕೂಡಿತೋ ಇಲ್ಲವೋ ಎಂದು ಅಲುಗಿಸಿ ನೋಡಬಾರದು, ಸಸಿಯ ದಪ್ಪ ನೋಡಬೇಕು. ಕೊಂಬೆಗಾಗಿ ಕಸಿ ಮಾಡಿದ್ದರೆ, ಜೋಡಣೆಯ ಮೇಲಿನ ಭಾಗ ಕೆಳಗಿನದಕ್ಕಿಂತ ದಪ್ಪವಾದಾಗ ತಾಯಿಮರ ಅದನ್ನು ಸಾಕತೊಡಗಿದೆ ಎಂದರ್ಥ. ಆಮೇಲೂ ಸಸಿಯ ಸ್ವಂತ ಬೇರಿನ ನಂಟನ್ನು ಒಂದೇ ಏಟಿಗೆ ಕತ್ತರಿಸದೆ, ಅರ್ಧ ಕೊಯ್ದು ಕೆಲವು ವಾರ ಬಿಟ್ಟು, ಬಾಡದಿದ್ದರೆ ಪೂರ್ತಿ ಬಿಡಿಸುವುದು ಕ್ಷೇಮ. ಬೇರಿಗಾಗಿ ಮಾಡಿದ ಕಸಿಯಲ್ಲಿ ಸಸಿಯ ತಲೆಯನ್ನು ಹೀಗೆಯೇ ಹಂತಹಂತವಾಗಿ ತೆಗೆಯುತ್ತಾರೆ.

ಮೊಳೆಯನ್ನು ತಡಮಾಡಿ ಕೀಳಲು ಹೋದರೆ ದಪ್ಪವಾಗುವ ಮರ ಅದರ ತಲೆಯನ್ನೇ ನುಂಗಿರುತ್ತದೆ, ಅವಸರಪಟ್ಟರೆ ಕಸಿಯೇ ಬಿಟ್ಟುಕೊಳ್ಳುತ್ತದೆ. ಹೀಗಾಗಿ ತಲೆಯನ್ನು ಪೂರ್ತಿ ಹೂಳದೆ ಇಕ್ಕಳಕ್ಕೆ ಸಿಗುವಷ್ಟು ಮೇಲೆ ಬಿಟ್ಟಿರುತ್ತಾರೆ. ಕಸಿ ಮಾಡುವ ದಿನವೇ ಮೊಳೆ ಕೀಳುವ ದಿನವನ್ನು ನೆನೆದು ಮಾಡಿದ ಕೆಲಸ ಅದು. ಸರಿಯಾದ ಹೊತ್ತಿಗೆ ಮೆಲ್ಲಗೆ ತಿರುಗಿಸಿ ಎಳೆದರೆ ಸಾಸಿವೆಯಷ್ಟು ತೂತು ಉಳಿಯುತ್ತದೆ. ಅದನ್ನು ಮುಚ್ಚುವ ಕೆಲಸ ಮರದ್ದು.